ಕೆಂಡದಲ್ಲಿ ಸುಟ್ಟ ಸ್ಟೇಕ್ ಮತ್ತು ಮೊಟ್ಟೆಯ ಟಾಕೊ: ಮನೆಯಲ್ಲಿ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಟಾಕೊ ಎಂದರೆ ರೊಟ್ಟಿಯೊಳಗೆ ಹೂರಣವಿಟ್ಟು, ಮಡಿಸಿ, ಕೈಯಲ್ಲಿ ಹಿಡಿದು ತಿನ್ನುವ ಮೆಕ್ಸಿಕೊದ ತಿಂಡಿ. ಈ ಟಾಕೊವಿಗೆ ಬೇಕಾದುದು ನಾಲ್ಕೇ ವಸ್ತು: ಕೆಂಡದ ಮೇಲೆ ಸುಟ್ಟ ದನದ ಮಾಂಸ, ಮೆತ್ತಗೆ ಕದಡಿದ ಮೊಟ್ಟೆ, ಟೋರ್ಟಿಯಾ ಎಂಬ ಬಿಸಿಯಾದ ತೆಳು ರೊಟ್ಟಿ ಮತ್ತು ಸಾಲ್ಸಾ ಎಂಬ ಖಾರವಾದ ಟೊಮ್ಯಾಟೊ ಚಟ್ನಿ. ಟೆಕ್ಸಾಸಿನಲ್ಲಿ ನೆಲೆಸಿರುವ ಕನ್ನಡಿಗ ಗೆಳೆಯರೂ ಊರಿನಲ್ಲಿರುವ ಬಂಧುಗಳೂ ಇದನ್ನು ಮಾಡಹೊರಟಾಗ ನನ್ನನ್ನು ಕೇಳಿರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಮಸಾಲೆಯ ಬಗ್ಗೆ ಬಂದ ಪ್ರಶ್ನೆಗಳೇ ಹೆಚ್ಚು. ಆದರೆ ನನ್ನ ಅನುಭವದಲ್ಲಿ ಈ ಅಡುಗೆ ಕೆಡುವುದು ಮಸಾಲೆಯಿಂದಲ್ಲ, ಮಾಂಸವನ್ನು ಕತ್ತರಿಸುವ ದಿಕ್ಕಿನಿಂದ ಮತ್ತು ಕೆಲಸಗಳ ಹಿಂದುಮುಂದಿನಿಂದ. ಆದ್ದರಿಂದ ಆ ಎರಡು ಉತ್ತರಗಳನ್ನು ಮಾತ್ರ ದಯವಿಟ್ಟು ಬಿಡದೆ ಓದಬೇಕೆಂದು ಕೋರುತ್ತೇನೆ.

ಇದು ಮೂಲತಃ ಯಾವ ನಾಡಿನ ಅಡುಗೆ?

ಉತ್ತರ ಮೆಕ್ಸಿಕೊದ ಸೊನೋರಾ, ಚಿವಾವಾ, ನುವೆವೊ ಲಿಯೋನ್ ರಾಜ್ಯಗಳೂ ಗಡಿಯ ಈಚೆಗಿನ ದಕ್ಷಿಣ ಟೆಕ್ಸಾಸೂ ದನ ಸಾಕಣೆಯ ಸೀಮೆಗಳು. ಅಲ್ಲಿ ‘ಕಾರ್ನೆ ಅಸಾದಾ’ ಎಂದರೆ ಸುಟ್ಟ ಮಾಂಸ ಎಂದೂ ಅರ್ಥ, ನಂಟರಿಷ್ಟರು ಕೆಂಡದ ಸುತ್ತ ಕೂಡಿ ಕಳೆಯುವ ಭಾನುವಾರದ ಮಧ್ಯಾಹ್ನ ಎಂದೂ ಅರ್ಥ. ಮಾಂಸ ಸುಡಲು ಅವರು ಮೆಚ್ಚುವುದು ಮೆಸ್ಕೀಟ್ ಎಂಬ ಮುಳ್ಳುಮರದ ಇದ್ದಿಲನ್ನು. ನಮ್ಮ ಬಯಲುಸೀಮೆಯ ಹೊಲಗಳ ಬದುವಿನಲ್ಲಿ ಬೇಡವೆಂದರೂ ಬೆಳೆಯುವ ಬಳ್ಳಾರಿ ಜಾಲಿ ಇದೇ ಮೆಸ್ಕೀಟ್ ಕುಲದ ಮರ. ಅಮೆರಿಕ ಖಂಡದಿಂದಲೇ ಬಂದದ್ದು.

ಮಾಂಸಕ್ಕೆ ಮೊಟ್ಟೆ ಕೂಡುವ ಪದ್ಧತಿಯೂ ಆ ಸೀಮೆಯದೇ. ಉಪ್ಪು ಹಚ್ಚಿ ಒಣಗಿಸಿದ ದನದ ಮಾಂಸವನ್ನು ಕುಟ್ಟಿ, ನಾರು ಬಿಡಿಸಿ, ಮೊಟ್ಟೆಯೊಡನೆ ಬಾಡಿಸುವ ‘ಮಾಚಾಕಾ’ ಅಲ್ಲಿನ ಹಳೆಯ ಬೆಳಗಿನ ಊಟ. ಟೆಕ್ಸಾಸಿನಲ್ಲಂತೂ ಮೊಟ್ಟೆಯ ಟಾಕೊ ಬೆಳಗಿನ ತಿಂಡಿಯೇ ಆಗಿಹೋಗಿದೆ. ಅದರ ಹಿರಿಮೆ ಯಾವ ಊರಿಗೆ ಸೇರಬೇಕೆಂಬ ವಾದ 2016ರಲ್ಲಿ ಎಷ್ಟು ಬಲಿಯಿತೆಂದರೆ, ಆಸ್ಟಿನ್ ಮತ್ತು ಸ್ಯಾನ್ ಆಂಟೋನಿಯೊ ನಗರಗಳ ಮೇಯರುಗಳಿಬ್ಬರೂ ಟಾಕೊಗಳನ್ನು ಮುಂದಿಟ್ಟುಕೊಂಡು ಕುಳಿತು ರಾಜಿ ಸಾರಿದರು.

ಈ ಒಂದು ತುತ್ತಿನಲ್ಲಿ ಎರಡು ಲೋಕಗಳು ಕೂಡಿವೆ ಎಂಬುದು ನನಗೆ ಇಂದಿಗೂ ಅಚ್ಚರಿಯ ವಿಷಯ. ಮೆಕ್ಕೆಜೋಳ, ಟೊಮ್ಯಾಟೊ, ಮೆಣಸಿನಕಾಯಿ, ಬೆಣ್ಣೆಹಣ್ಣು ಆ ನೆಲದವು. ದನ, ಕೋಳಿ, ಗೋಧಿ, ಈರುಳ್ಳಿ, ನಿಂಬೆ, ಕೊತ್ತಂಬರಿ, ಜೀರಿಗೆಗಳೆಲ್ಲ 16ನೆಯ ಶತಮಾನದಿಂದೀಚೆಗೆ ಸ್ಪೇನಿನವರ ಹಡಗುಗಳಲ್ಲಿ ಹೋದವು. ಅದೇ ಕಾಲದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಮೆಣಸಿನಕಾಯಿ ನಮ್ಮ ಕಡೆಗೆ ಬಂದಿಳಿಯದಿದ್ದರೆ ಬ್ಯಾಡಗಿಯ ಮಾರುಕಟ್ಟೆಯೇ ಇರುತ್ತಿರಲಿಲ್ಲ.

ದನದ ಯಾವ ಭಾಗದ ಮಾಂಸ ಕೊಳ್ಳಬೇಕು?

ಅಂಗಡಿಯಲ್ಲಿ ಸ್ಕರ್ಟ್ ಸ್ಟೇಕ್ ಎಂದು ಕೇಳಬೇಕು. ಮೆಕ್ಸಿಕೊದ ಮಾಂಸದಂಗಡಿಗಳಲ್ಲಿ ಅದಕ್ಕೆ ‘ಅರಾಚೆರಾ’ ಎನ್ನುತ್ತಾರೆ. ಎದೆಗೂಡನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ವಪೆಯ ಸ್ನಾಯು ಅದು. ಪ್ರಾಣಿ ಬದುಕಿರುವಷ್ಟು ಕಾಲ ಪ್ರತಿ ಉಸಿರಿಗೂ ದುಡಿದ ಸ್ನಾಯುವಾದ್ದರಿಂದ ಅದರ ನಾರು ದಪ್ಪ, ರುಚಿ ಗಾಢ. ಒಂದು ಕಾಲದಲ್ಲಿ ದಕ್ಷಿಣ ಟೆಕ್ಸಾಸಿನ ದನದ ಕೊಟ್ಟಿಗೆಗಳ ಮಾಲೀಕರು ಇದನ್ನು ತಲೆ, ಕರುಳುಗಳೊಡನೆ ಮೆಕ್ಸಿಕನ್ ಕೆಲಸಗಾರರಿಗೆ ಕೂಲಿಯ ಭಾಗವಾಗಿ ಕೊಟ್ಟುಬಿಡುತ್ತಿದ್ದರು. ಆ ಕೆಲಸಗಾರರ ಮನೆಗಳಲ್ಲಿ ಹದಗೊಂಡ ಅಡುಗೆಯೇ ಇಂದು ಜಗತ್ತಿಗೆಲ್ಲ ಫಹೀತಾ ಎಂದು ಪರಿಚಿತವಾಗಿದೆ. ‘ಫಾಹಾ’ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಸೊಂಟಪಟ್ಟಿ, ಮಾಂಸದ ಆಕಾರವೂ ಹಾಗೆಯೇ ಇರುತ್ತದೆ.

ಅದು ಸಿಗದಿದ್ದರೆ ಹೊಟ್ಟೆಯ ಭಾಗದ ಫ್ಲ್ಯಾಂಕ್ ಸ್ಟೇಕ್ ಆಗಬಹುದು. ರಿಬ್ ಐ, ಟೆಂಡರ್‌ಲಾಯ್ನ್‌ನಂತಹ ದುಬಾರಿ ತುಂಡುಗಳನ್ನು ಇದಕ್ಕಾಗಿ ತರುವ ಅಗತ್ಯವಿಲ್ಲ. ಸಾಲ್ಸಾ, ಮೊಟ್ಟೆಗಳ ನಡುವೆ ಅವುಗಳ ನವಿರು ರುಚಿ ಕಾಣದಂತಾಗುತ್ತದೆ. ಕೊಂಡ ಮಾಂಸದ ಮೇಲೆ ಬಿಳಿಯ ಪೊರೆ ಉಳಿದಿದ್ದರೆ ಬೆರಳಿನಿಂದ ಒಂದು ತುದಿ ಎಬ್ಬಿಸಿ, ಚಾಕುವಿನ ನೆರವಿನಿಂದ ಪೂರ್ತಿ ಎಳೆದು ತೆಗೆಯಿರಿ. ಎಷ್ಟು ಸುಟ್ಟರೂ ಆ ಪೊರೆ ಮೆದುವಾಗುವುದಿಲ್ಲ.

ಕರ್ನಾಟಕದಲ್ಲಿರುವವರು ಏನು ಮಾಡಬೇಕು?

2021ರಲ್ಲಿ ಜಾರಿಗೆ ಬಂದ ಜಾನುವಾರು ವಧೆ ಪ್ರತಿಬಂಧಕ ಕಾಯ್ದೆಯ ಪ್ರಕಾರ ಕರ್ನಾಟಕದಲ್ಲಿ ಮಾಂಸಕ್ಕಾಗಿ 13 ವರ್ಷ ದಾಟಿದ ಎಮ್ಮೆ, ಕೋಣಗಳನ್ನು ಬಿಟ್ಟು ಬೇರೆ ಜಾನುವಾರುಗಳ ವಧೆಗೆ ಅವಕಾಶವಿಲ್ಲ. ವಯಸ್ಸಾದ ಪ್ರಾಣಿಯ ಮಾಂಸದಲ್ಲಿ ನಾರುಗಳನ್ನು ಹಿಡಿದಿಡುವ ಅಂಟುಭಾಗ ಬಲಿತಿರುವುದರಿಂದ, ಐದಾರು ನಿಮಿಷ ಸುಡುವ ಈ ವಿಧಾನಕ್ಕೆ ಅದು ಒಗ್ಗುವುದಿಲ್ಲ. ಎಮ್ಮೆಯ ಮಾಂಸ ಬಳಸುವವರು ಬೆಂಗಳೂರಿನ ಅಂಗಡಿಗಳಲ್ಲಿ ‘ಅಂಡರ್‌ಕಟ್’ ಎಂದು ಕರೆಯುವ ಬೆನ್ನಿನ ಒಳಭಾಗವನ್ನೇ ಕೇಳಿ, ಒಂದೂವರೆ ಸೆಂಟಿಮೀಟರ್ ದಪ್ಪದ ಹಲ್ಲೆಗಳಾಗಿ ಕೊಯ್ಸಿಕೊಳ್ಳುವುದು ಒಳ್ಳೆಯದು.

ಮಟನ್ ಬಳಸುವುದಾದರೆ ಎಳೆಯ ಆಡಿನ ತೊಡೆಯ ಮೂಳೆಯಿಲ್ಲದ ಮಾಂಸವನ್ನು ತೆಳುವಾಗಿ ಕೊಯ್ದು, ಅರ್ಧ ಕಿಲೊಗೆ ಒಂದು ಚಮಚದಷ್ಟು ಹಸಿ ಪಪ್ಪಾಯಿಯ ತಿರುಳನ್ನು ಅರೆದು ಹಚ್ಚಿ ಅರ್ಧ ಗಂಟೆ ಬಿಡಬೇಕು. ಅದಕ್ಕಿಂತ ಹೆಚ್ಚು ಬಿಟ್ಟರೆ ಮೇಲ್ಮೈ ಹಿಟ್ಟಾಗುತ್ತದೆ. ಮೂಳೆ ತೆಗೆದ ಕೋಳಿತೊಡೆ ಇವೆಲ್ಲಕ್ಕಿಂತ ಸುಲಭ, ಆದರೆ ಕೋಳಿಯ ಒಳಗಿನ ಶಾಖ 74 ಡಿಗ್ರಿ ಸೆಲ್ಸಿಯಸ್ ಮುಟ್ಟಲೇಬೇಕು.

ನಾಲ್ಕು ಜನರಿಗೆ ಎಷ್ಟು ಸಾಮಗ್ರಿ ಬೇಕು?

600 ಗ್ರಾಂ ಮಾಂಸ, 6 ಮೊಟ್ಟೆ, ಅಂಗೈಗಿಂತ ತುಸು ಅಗಲವಾದ 10 ಟೋರ್ಟಿಯಾ, ಸಾಲ್ಸಾಕ್ಕೆ 4 ಟೊಮ್ಯಾಟೊ, 2 ಈರುಳ್ಳಿ, 4 ನಿಂಬೆಹಣ್ಣು, ಒಂದು ಕಟ್ಟು ಕೊತ್ತಂಬರಿ ಸೊಪ್ಪು, ಒಂದು ಬೆಣ್ಣೆಹಣ್ಣು. ಸುಟ್ಟಾಗ ಮಾಂಸ ಸುಮಾರು ಕಾಲು ಭಾಗ ತೂಕ ಕಳೆದುಕೊಳ್ಳುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಈ ಅಳತೆ ಹೇಳಿದ್ದೇನೆ.

ಮಾಂಸಕ್ಕೆ ಏನು ಹಚ್ಚಬೇಕು, ಎಷ್ಟು ಹೊತ್ತು ನೆನೆಯಬೇಕು?

ಸೊನೋರಾದ ಅನೇಕ ಮನೆಗಳಲ್ಲಿ ಹರಳುಪ್ಪನ್ನು ಬಿಟ್ಟು ಬೇರೇನನ್ನೂ ಹಚ್ಚುವುದಿಲ್ಲ. ಒಳ್ಳೆಯ ಮಾಂಸ, ಒಳ್ಳೆಯ ಕೆಂಡ ಎರಡೂ ಇದ್ದಾಗ ಅದೇ ಸರಿಯೆಂದು ನಾನೂ ಒಪ್ಪುತ್ತೇನೆ. ಗಡಿಯ ಈಚೆಯ ಪದ್ಧತಿಯಲ್ಲಿ 600 ಗ್ರಾಂ ಮಾಂಸಕ್ಕೆ ಒಂದು ಮಟ್ಟಚಮಚ ಉಪ್ಪು, ಜಜ್ಜಿದ 4 ಎಸಳು ಬೆಳ್ಳುಳ್ಳಿ, ಅರ್ಧ ಚಮಚ ಹುರಿದು ಕುಟ್ಟಿದ ಜೀರಿಗೆ, ಅರ್ಧ ಚಮಚ ಕಾಳುಮೆಣಸಿನ ಪುಡಿ, ಎರಡು ನಿಂಬೆಹಣ್ಣಿನ ರಸ, ಎರಡು ದೊಡ್ಡ ಚಮಚ ಎಣ್ಣೆ ಬೆರೆಸಿ ಹಚ್ಚುತ್ತಾರೆ. 45 ನಿಮಿಷ ಸಾಕು, 2 ಗಂಟೆ ಮಿತಿ. ರಾತ್ರಿಯೆಲ್ಲ ನೆನೆಸಿದರೆ ಮೆದುವಾದೀತು ಎಂದು ಭಾವಿಸುವವರು ಬಹಳ. ನಿಂಬೆಯ ಹುಳಿ ಮಾಂಸದ ಒಳಕ್ಕೆ ಇಳಿಯುವುದಿಲ್ಲ, ಮೇಲ್ಪದರವನ್ನು ಮಾತ್ರ ಬೆಂದಂತೆ ಬೆಳ್ಳಗೆ ಮಾಡಿ ಕೆಡಿಸುತ್ತದೆ. ಉಪ್ಪು ಒಂದೇ ನಿಧಾನವಾಗಿ ಒಳಗೆ ಇಳಿಯುವ ವಸ್ತು.

ಗ್ರಿಲ್ಲಿಗೆ ಇಡುವ ಮೊದಲು ಮಾಂಸದ ಎರಡೂ ಬದಿಯನ್ನು ಕಾಗದ ಅಥವಾ ಶುಭ್ರವಾದ ಬಟ್ಟೆಯಿಂದ ಒತ್ತಿ ಒಣಗಿಸಿ. ಮೇಲೆ ನೀರಿನ ಪಸೆ ಇರುವಷ್ಟು ಹೊತ್ತು ಅಲ್ಲಿನ ಶಾಖ 100 ಡಿಗ್ರಿ ದಾಟುವುದಿಲ್ಲ. ಕಂದು ಬಣ್ಣವೂ ಸುಟ್ಟ ಪರಿಮಳವೂ ಹುಟ್ಟಬೇಕಾದರೆ ಶಾಖ 140 ಡಿಗ್ರಿಯಾದರೂ ಇರಬೇಕು. ಒದ್ದೆ ಮಾಂಸ ಸುಡುವುದಿಲ್ಲ, ಬೇಯುತ್ತದೆ.

ಗರಂ ಮಸಾಲೆ, ಶುಂಠಿ, ಮೊಸರು ಸೇರಿಸಬಹುದೇ?

ಸೇರಿಸಿದರೆ ರುಚಿಯಾದ ಬೇರೊಂದು ಅಡುಗೆ ಆಗುತ್ತದೆ. ಇದನ್ನು ಇದರ ರುಚಿಯಲ್ಲೇ ಒಮ್ಮೆ ತಿಂದು ನೋಡಿ ಎಂಬುದು ನನ್ನ ವಿನಂತಿ.

ಕೆಂಡ ಹದಕ್ಕೆ ಬಂದಿದೆ ಎಂದು ತಿಳಿಯುವುದು ಹೇಗೆ?

ಇದ್ದಿಲು ಹೊತ್ತಿಸಿದ ಮೇಲೆ 25ರಿಂದ 30 ನಿಮಿಷ ಕಾಯಬೇಕು. ಉರಿ ಪೂರ್ತಿ ಅಡಗಿ, ಪ್ರತಿ ತುಂಡಿನ ಮೇಲೂ ತೆಳುವಾಗಿ ಬೂದಿ ಕಟ್ಟಿ, ಸಂದಿನಿಂದ ಕೆಂಪು ಹೊಳೆಯುತ್ತಿರಬೇಕು. ಜಾಲರಿಯಿಂದ ಒಂದು ಗೇಣು ಮೇಲೆ ಅಂಗೈ ಹಿಡಿದಾಗ ಎರಡು ಮೂರು ಎಣಿಸುವುದರೊಳಗೆ ಕೈ ತೆಗೆಯುವಂತಾದರೆ ಅದೇ ಬೇಕಾದ ಕಾವು. ಕೆಂಡವನ್ನೆಲ್ಲ ಒಂದು ಬದಿಗೆ ಒಟ್ಟಿ, ಇನ್ನೊಂದು ಬದಿಯನ್ನು ಖಾಲಿ ಬಿಡಿ. ಕೊಬ್ಬು ತೊಟ್ಟಿಕ್ಕಿ ಜ್ವಾಲೆ ಎದ್ದರೆ ಮಾಂಸವನ್ನು ಅಲ್ಲಿಗೆ ಸರಿಸಬಹುದು, ಟೋರ್ಟಿಯಾ ಬಿಸಿ ಮಾಡಲೂ ಆ ಜಾಗವೇ ಅನುಕೂಲ. ಸೀಮೆಎಣ್ಣೆ ಸುರಿದು ಹೊತ್ತಿಸಬೇಡಿ. ಆ ವಾಸನೆ ಮಾಂಸಕ್ಕೆ ಹಿಡಿದರೆ ಯಾವ ಸಾಲ್ಸಾದಿಂದಲೂ ಹೋಗದು.

ಸ್ಕರ್ಟ್ ಸ್ಟೇಕ್ ತೆಳುವಾದುದು. ದಪ್ಪ ಒಂದರಿಂದ ಒಂದೂವರೆ ಸೆಂಟಿಮೀಟರ್ ಇದ್ದರೆ ಒಂದೊಂದು ಬದಿಗೆ ಎರಡರಿಂದ ಮೂರು ನಿಮಿಷ ಸಾಕು. ಮಾಂಸ ಜಾಲರಿಗೆ ತಾಗಿದ ಕೂಡಲೇ ಜೋರಾಗಿ ಚುರ್ ಎನ್ನಬೇಕು. ಆಮೇಲೆ ಅದನ್ನು ಮುಟ್ಟದೆ ಬಿಡಿ. ಮೊದಲು ಜಾಲರಿಗೆ ಅಂಟಿದ್ದು ಕಂದು ಪದರ ಕಟ್ಟಿದ ಮೇಲೆ ತಾನಾಗಿ ಬಿಡುತ್ತದೆ. ಇಕ್ಕಳದಿಂದ ಎತ್ತಿದರೆ ಹರಿಯುವಂತಿದ್ದರೆ ಮಗುಚುವ ಸಮಯ ಬಂದಿಲ್ಲವೆಂದೇ ಅರ್ಥ.

ಅಪಾರ್ಟ್‌ಮೆಂಟಿನಲ್ಲಿದ್ದೇವೆ, ಗ್ರಿಲ್ ಇಲ್ಲ. ಗ್ಯಾಸ್ ಒಲೆಯ ಮೇಲೆ ಆಗುವುದೇ?

ಆಗುತ್ತದೆ. ದೋಸೆ ಹುಯ್ಯುವ ಬೀಡಿನ ಕಾವಲಿಯನ್ನು ದೊಡ್ಡ ಉರಿಯಲ್ಲಿ ಐದಾರು ನಿಮಿಷ ಕಾಯಿಸಿ, ಎಣ್ಣೆಯನ್ನು ಕಾವಲಿಗಲ್ಲ, ಮಾಂಸಕ್ಕೆ ಸವರಿ, ತುಂಡುಗಳ ನಡುವೆ ಜಾಗ ಬಿಟ್ಟು ಹಾಕಿ. ಒಟ್ಟಿಗೆ ತುಂಬಿದರೆ ಕಾವಲಿ ತಣಿದು ನೀರು ಬಿಡುತ್ತದೆ. ನಾನ್‌ಸ್ಟಿಕ್ ಪಾತ್ರೆಯನ್ನು ಇಷ್ಟು ಕಾಯಿಸುವುದು ಒಳ್ಳೆಯದಲ್ಲ. ಹೊಗೆ ಬರುವುದು ಖಚಿತವಾದ್ದರಿಂದ ಕಿಟಕಿ ತೆರೆದು, ಹೊಗೆ ಹೀರುವ ಫ್ಯಾನ್ ಹಾಕಿಕೊಳ್ಳಿ.

ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕಾಗಿದೆ. ಇದ್ದಿಲಿನ ಒಲೆಯನ್ನು ಯಾವ ಕಾರಣಕ್ಕೂ ಮನೆಯೊಳಗೆ, ಮುಚ್ಚಿದ ಬಾಲ್ಕನಿಯಲ್ಲಿ ಅಥವಾ ಗ್ಯಾರೇಜಿನಲ್ಲಿ ಹೊತ್ತಿಸಬೇಡಿ. ಅದರಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಪ್ರಾಣ ತೆಗೆಯುವವರೆಗೂ ಗೊತ್ತಾಗದಿರಬಹುದು. ಕೆಂಡ ಆರಿದಂತೆ ಕಂಡ ಮೇಲೂ ಈ ಅಪಾಯ ಇದ್ದೇ ಇರುತ್ತದೆ.

ಮಾಂಸ ಎಷ್ಟು ಬೆಂದಿರಬೇಕು? ನಡುವೆ ಕೆಂಪಗಿದ್ದರೆ ತಿನ್ನಬಹುದೇ?

ಅಮೆರಿಕದ ಕೃಷಿ ಇಲಾಖೆ ಇಡೀ ತುಂಡಿನ ದನದ ಮಾಂಸಕ್ಕೆ ಹೇಳುವ ಸುರಕ್ಷಿತ ಶಾಖ 63 ಡಿಗ್ರಿ ಸೆಲ್ಸಿಯಸ್, ಆಮೇಲೆ 3 ನಿಮಿಷ ವಿಶ್ರಾಂತಿ. ಖೈಮಾ ಮಾಡಿದ ಮಾಂಸಕ್ಕೆ 71 ಡಿಗ್ರಿ, ಏಕೆಂದರೆ ಹೊರಗಿನ ರೋಗಾಣುಗಳು ಅರೆಯುವಾಗ ಒಳಗೂ ಹರಡಿರುತ್ತವೆ. ಸ್ಟೇಕ್ ಪ್ರಿಯರು 54ರಿಂದ 57 ಡಿಗ್ರಿಗೇ ಇಳಿಸಿ, ನಡುವೆ ಗುಲಾಬಿ ಬಣ್ಣ ಉಳಿಸಿಕೊಳ್ಳುತ್ತಾರೆ. ಅದು ಅವರವರ ನಿರ್ಧಾರ. ಗರ್ಭಿಣಿಯರು, ಚಿಕ್ಕ ಮಕ್ಕಳು, ವಯಸ್ಸಾದವರು ಇರುವ ಮನೆಯಲ್ಲಿ 63 ಡಿಗ್ರಿಯನ್ನೇ ಪಾಲಿಸಿ. ಮಾಂಸದ ಥರ್ಮಾಮೀಟರನ್ನು ಮೇಲಿನಿಂದ ಚುಚ್ಚದೆ ಪಕ್ಕದಿಂದ ಮಾಂಸದ ನಡುವಿಗೆ ತೂರಿಸಿದರೆ ತೆಳುವಾದ ತುಂಡಿನಲ್ಲೂ ಸರಿಯಾದ ಅಂಕಿ ಸಿಗುತ್ತದೆ. ಇಳಿಸಿದ ಮೇಲೂ ಒಳಗಿನ ಶಾಖ ಎರಡು ಮೂರು ಡಿಗ್ರಿ ಏರುವುದರಿಂದ, ಗುಲಾಬಿ ಬಣ್ಣ ಬಯಸುವವರು ಅಷ್ಟು ಮುಂಚೆಯೇ ಇಳಿಸಬಹುದು.

ಎಲ್ಲವನ್ನೂ ಸರಿಯಾಗಿ ಮಾಡಿದರೂ ಮಾಂಸ ರಬ್ಬರಿನಂತೆ ಆಗುತ್ತದೆ. ಏಕೆ?

ಬಹುತೇಕ ಸಂದರ್ಭಗಳಲ್ಲಿ ಉತ್ತರ ಚಾಕುವಿನಲ್ಲಿದೆ. ತೆಂಗಿನ ನಾರಿನ ಹಗ್ಗವನ್ನು ನೆನೆಸಿಕೊಳ್ಳಿ. ಉದ್ದಕ್ಕೆ ಹಿಡಿದು ಎಷ್ಟು ಜಗ್ಗಿದರೂ ಅದು ಹರಿಯದು. ಅದನ್ನೇ ಬೆರಳಗಲದ ತುಂಡುಗಳಾಗಿ ಕತ್ತರಿಸಿದರೆ ಚಿಟಿಕೆಯಲ್ಲಿ ನಾರು ನಾರಾಗಿ ಬಿಡಿಸಿಕೊಳ್ಳುತ್ತದೆ. ಮಾಂಸದ ಎಳೆಗಳೂ ಹಾಗೆಯೇ. ಎಳೆಯ ಉದ್ದಕ್ಕೇ ಕೊಯ್ದರೆ ಐದು ಸೆಂಟಿಮೀಟರ್ ಉದ್ದದ ಎಳೆಗಳನ್ನು ಹಲ್ಲು ಕತ್ತರಿಸಬೇಕಾಗುತ್ತದೆ; ಅಡ್ಡಕ್ಕೆ ಕೊಯ್ದರೆ ಆ ಕೆಲಸವನ್ನು ಚಾಕು ಆಗಲೇ ಮುಗಿಸಿರುತ್ತದೆ.

ಸ್ಕರ್ಟ್ ಸ್ಟೇಕಿನ ವಿಷಯದಲ್ಲಿ ಮೋಸ ಹೋಗುವುದು ಸುಲಭ. ಆ ಪಟ್ಟಿ ಉದ್ದವಾಗಿದ್ದರೂ ಅದರ ಎಳೆಗಳು ಉದ್ದಕ್ಕೆ ಓಡುವುದಿಲ್ಲ, ಅಗಲಕ್ಕೆ ಓಡುತ್ತವೆ. ಹಸಿಯಾಗಿರುವಾಗಲೇ ಬೆಳಕಿಗೆ ಹಿಡಿದು ನೋಡಿದರೆ ಉತ್ತ ನೆಲದ ಸಾಲುಗಳಂತೆ ಅವು ಎದ್ದು ಕಾಣುತ್ತವೆ. ಸುಟ್ಟ ಮೇಲೆ ಕಪ್ಪು ಗೆರೆಗಳ ನಡುವೆ ಇವು ಮರೆಯಾಗುವುದರಿಂದ ದಿಕ್ಕನ್ನು ಮೊದಲೇ ಗುರುತು ಹಾಕಿಕೊಳ್ಳಬೇಕು. ನಾನು ಮೂಲೆಯಲ್ಲಿ ಎಳೆಗೆ ಅಡ್ಡವಾಗಿ ಒಂದು ಚಿಕ್ಕ ಕಚ್ಚು ಹಾಕಿಡುತ್ತೇನೆ. ಮೊದಲು ಇಡೀ ಪಟ್ಟಿಯನ್ನು ಸಾಲುಗಳ ಗುಂಟ ಕೊಯ್ದು, ನಾಲ್ಕು ಬೆರಳಗಲದ ಚೌಕಗಳನ್ನಾಗಿ ಮಾಡಿ. ಆಮೇಲೆ ಪ್ರತಿ ಚೌಕವನ್ನೂ ಕಾಲು ಸುತ್ತು ತಿರುಗಿಸಿ, ಸಾಲುಗಳಿಗೆ ಅಡ್ಡವಾಗಿ, ಅರ್ಧ ಸೆಂಟಿಮೀಟರ್ ದಪ್ಪಕ್ಕೆ, ಚಾಕುವನ್ನು ತುಸು ಓರೆಯಾಗಿ ಹಿಡಿದು ಕೊಯ್ಯಿರಿ. ಕೊಯ್ದ ಮುಖದ ಮೇಲೆ ಗೆರೆಗಳ ಬದಲು ಸಣ್ಣ ಚುಕ್ಕೆಗಳು ಕಂಡರೆ ದಿಕ್ಕು ಸರಿಯಾಗಿದೆ. ಫ್ಲ್ಯಾಂಕ್ ಸ್ಟೇಕಿನಲ್ಲಿ ಎಳೆಗಳು ಉದ್ದಕ್ಕೇ ಓಡುವುದರಿಂದ ನೇರವಾಗಿ ಅಗಲಕ್ಕೆ ಕೊಯ್ದರೆ ಆಯಿತು.

ನಾನು ಮೊದಲ ಸಲ ಇದನ್ನು ಮಾಡಿ ಬಡಿಸಿದಾಗ ಅತಿಥಿಗಳು ಒಂದು ತುತ್ತು ಕಚ್ಚುತ್ತಲೇ ಇಡೀ ಮಾಂಸದ ಪಟ್ಟಿ ಟೋರ್ಟಿಯಾದಿಂದ ಜಾರಿ ಹೊರಬಂದಿತ್ತು, ಅದರ ಹಿಂದೆ ಮೊಟ್ಟೆಯೆಲ್ಲ ತಟ್ಟೆಗೆ ಬಿದ್ದಿತ್ತು. ಅಂದಿನ ಮಾಂಸಕ್ಕೂ ಇಂದಿನದಕ್ಕೂ ಇರುವ ವ್ಯತ್ಯಾಸ ಆ ಕಾಲು ಸುತ್ತು ಒಂದೇ.

ಕೊಯ್ಯುವ ಮೊದಲು ಮಾಂಸವನ್ನು ಐದರಿಂದ ಎಂಟು ನಿಮಿಷ ಹಾಗೆಯೇ ಬಿಡಬೇಕೆಂಬುದನ್ನೂ ಮರೆಯಬಾರದು. ಬಿಸಿಯಲ್ಲಿ ಕೊಯ್ದರೆ ರಸವೆಲ್ಲ ಹಲಗೆಯ ಪಾಲಾಗುತ್ತದೆ. ಆದರೂ ಹರಿದ ರಸವನ್ನು ಚೆಲ್ಲಬೇಡಿ, ಅದನ್ನು ಮೊಟ್ಟೆಗೆ ಹಾಕುವುದನ್ನು ಮುಂದೆ ಹೇಳಿದ್ದೇನೆ.

ಮೊಟ್ಟೆಯನ್ನು ಕದಡಬೇಕೇ, ಬುಲ್ಸ್‌ಐ ಮಾಡಬೇಕೇ?

ಎರಡೂ ರೂಢಿಯಲ್ಲಿವೆ. ಬುಲ್ಸ್‌ಐ ತಟ್ಟೆಯಲ್ಲಿ ಚೆಂದವಾಗಿ ಕಾಣುತ್ತದೆ, ಆದರೆ ಮಡಿಸಿ ಕಚ್ಚಿದ ಕೂಡಲೇ ಹಳದಿ ಮೊಣಕೈವರೆಗೆ ಇಳಿಯುತ್ತದೆ. ಕೈಯಲ್ಲಿ ಹಿಡಿದು ತಿನ್ನುವ ಟಾಕೊವಿಗೆ ಕದಡಿದ ಮೊಟ್ಟೆಯೇ ಸರಿ. ಅದು ಮಾಂಸದ ತುಂಡುಗಳನ್ನು ಒಟ್ಟಿಗೆ ಹಿಡಿದುಕೊಳ್ಳುತ್ತದೆ.

ನಮ್ಮ ಮೊಟ್ಟೆ ಬುರ್ಜಿಗೂ ಇದಕ್ಕೂ ಇರುವ ಅಂತರವನ್ನು ಗಮನಿಸಿ. ಬುರ್ಜಿಯಲ್ಲಿ ನಾವು ಮೊಟ್ಟೆ ಉದುರುದುರಾಗಿ ಕೆಂಪಗಾಗುವವರೆಗೆ ಹುರಿಯುತ್ತೇವೆ. ಇಲ್ಲಿ ಅದು ಮುದ್ದೆಮುದ್ದೆಯಾಗಿ, ತೇವವಾಗಿ, ಹಳದಿಯಾಗಿಯೇ ಉಳಿಯಬೇಕು. ಆರು ಮೊಟ್ಟೆಗಳನ್ನು ಒಡೆದು, ಕಾಲು ಚಮಚ ಉಪ್ಪು ಹಾಕಿ, ಫೋರ್ಕಿನಿಂದ ಹತ್ತು ಹದಿನೈದು ಸಲ ಮಾತ್ರ ತಿರುಗಿಸಿ. ಬಿಳಿ, ಹಳದಿ ಎರಡೂ ಎಳೆಎಳೆಯಾಗಿ ಕಾಣುತ್ತಿರಲಿ. ಬಾಣಲೆಯಲ್ಲಿ ಒಂದು ದೊಡ್ಡ ಚಮಚ ಬೆಣ್ಣೆ ಕರಗಿ ನೊರೆ ಅಡಗಿದ ಕೂಡಲೇ, ಸಣ್ಣ ಉರಿಯಲ್ಲಿ ಮೊಟ್ಟೆ ಸುರಿಯಿರಿ. ಅಂಚು ಗಟ್ಟಿಯಾಗಲು ಬಿಟ್ಟು, ಮರದ ಕೈಯಿಂದ ಅಂಚಿನಿಂದ ನಡುವಿಗೆ ನಿಧಾನವಾಗಿ ಎಳೆಯುತ್ತ ಹೋಗಿ. ಎರಡರಿಂದ ಮೂರು ನಿಮಿಷದಲ್ಲಿ ಮೇಲ್ಭಾಗ ಇನ್ನೂ ಹೊಳೆಯುತ್ತಿರುವಾಗಲೇ ಒಲೆ ಆರಿಸಿ, ಹಲಗೆಯ ಮೇಲೆ ನಿಂತ ಮಾಂಸದ ರಸವನ್ನು ಅದಕ್ಕೆ ಸುರಿದು ಒಮ್ಮೆ ಮಗುಚಿ. ಉಳಿದ ಬೇಯುವಿಕೆಯನ್ನು ಬಾಣಲೆಯ ಕಾವೇ ನೋಡಿಕೊಳ್ಳುತ್ತದೆ. ಪೂರ್ತಿ ಬೆಂದ ಮೊಟ್ಟೆಯೇ ಬೇಕಾದವರು 71 ಡಿಗ್ರಿ ತಲುಪುವವರೆಗೆ, ಅಂದರೆ ಹಸಿ ಹೊಳಪು ಹೋಗುವವರೆಗೆ, ಇನ್ನೊಂದು ನಿಮಿಷ ಒಲೆಯ ಮೇಲಿಡಿ.

ಯಾವ ಕೆಲಸ ಮೊದಲು, ಯಾವುದು ಕೊನೆಗೆ?

ಮಾಂಸ ಹತ್ತು ನಿಮಿಷ ಕಾಯಬಲ್ಲದು, ಕಾಯುವುದು ಅದಕ್ಕೆ ಒಳ್ಳೆಯದೂ ಹೌದು. ಟೋರ್ಟಿಯಾ ಬಟ್ಟೆಯೊಳಗೆ ಹದಿನೈದು ನಿಮಿಷ ಬಿಸಿಯಾಗಿರುತ್ತದೆ. ಮೊಟ್ಟೆ ಎರಡು ನಿಮಿಷವೂ ಕಾಯದು. ಈ ಮೂರು ಮಾತಿನಿಂದ ಕ್ರಮ ತಾನಾಗಿ ಗೊತ್ತಾಗುತ್ತದೆ. ಮಾಂಸಕ್ಕೆ ಮಸಾಲೆ ಹಚ್ಚಿದ ಮೇಲೆ ಇದ್ದಿಲು ಹೊತ್ತಿಸಿ, ಕೆಂಡವಾಗುವ ಅರ್ಧ ಗಂಟೆಯಲ್ಲಿ ಸಾಲ್ಸಾ ಮುಗಿಸಿಕೊಳ್ಳಿ. ಮಾಂಸ ಸುಟ್ಟು ಹಲಗೆಗೆ ಇಳಿಸಿದ ಮೇಲೆ ಅದೇ ಜಾಲರಿಯಲ್ಲಿ ಟೋರ್ಟಿಯಾಗಳನ್ನು ಬಿಸಿ ಮಾಡಿ ದಪ್ಪ ಬಟ್ಟೆಯಲ್ಲಿ ಸುತ್ತಿಡಿ. ಮಾಂಸವನ್ನು ಕೊಯ್ದು, ತಿನ್ನುವವರನ್ನೆಲ್ಲ ಮೇಜಿಗೆ ಕರೆದು ಕೂರಿಸಿದ ನಂತರವೇ ಮೊಟ್ಟೆಯನ್ನು ಬಾಣಲೆಗೆ ಸುರಿಯಿರಿ. ಮೊಟ್ಟೆ ಮೊದಲು ಮಾಡಿ ಮುಚ್ಚಿಟ್ಟರೆ ಅದು ನೀರು ಬಿಟ್ಟು ಟೋರ್ಟಿಯಾವನ್ನು ಹರಿಸುತ್ತದೆ.

ಟೋರ್ಟಿಯಾ ಗೋಧಿಯದೋ ಮೆಕ್ಕೆಜೋಳದದೋ? ಅಂಗಡಿಯ ಕಾರ್ನ್‌ಫ್ಲೋರಿನಿಂದ ಮಾಡಬಹುದೇ?

ಉತ್ತರ ಮೆಕ್ಸಿಕೊದಲ್ಲಿ ಗೋಧಿಯದು, ಮಧ್ಯ ಮತ್ತು ದಕ್ಷಿಣ ಮೆಕ್ಸಿಕೊದಲ್ಲಿ ಮೆಕ್ಕೆಜೋಳದ್ದು. ಮೊಟ್ಟೆ ಇರುವ ಈ ಟಾಕೊವಿಗೆ ಮೆತ್ತಗಿನ ಗೋಧಿ ಟೋರ್ಟಿಯಾ ಚೆನ್ನಾಗಿ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ.

ಕಾರ್ನ್‌ಫ್ಲೋರ್ ಎಂದು ನಮ್ಮಲ್ಲಿ ಮಾರುವುದು ಬರಿಯ ಗಂಜಿಪುಡಿ, ಅದರಿಂದ ರೊಟ್ಟಿಯಾಗದು. ಸಾಮಾನ್ಯ ಮೆಕ್ಕೆಜೋಳದ ಹಿಟ್ಟಿನಿಂದಲೂ ಟೋರ್ಟಿಯಾ ಆಗದು. ಅಂಚು ಬಿರಿದು, ಮಡಿಸಿದರೆ ಎರಡಾಗುತ್ತದೆ. ಬೇಕಾದದ್ದು ಮಾಸಾ ಹರೀನಾ. ಮೆಕ್ಕೆಜೋಳದ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿ ನೆನೆಯಲು ಬಿಟ್ಟು, ಸಿಪ್ಪೆ ತೊಳೆದು ಅರೆದ ಹಿಟ್ಟನ್ನು ಒಣಗಿಸಿ ಮಾಡಿದ ಪುಡಿ ಅದು. ಸುಣ್ಣ ತಾಗಿದಾಗ ಕಾಳಿನ ಅಂಟು ಬಿಡುಗಡೆಯಾಗಿ ಹಿಟ್ಟು ಕೂಡಿಕೊಳ್ಳುತ್ತದೆ, ಮೆಕ್ಕೆಜೋಳದಲ್ಲಿ ಸಿಕ್ಕಿಕೊಂಡಿರುವ ನಿಯಾಸಿನ್ ಎಂಬ ಜೀವಸತ್ವ ದೇಹಕ್ಕೆ ದಕ್ಕುವಂತಾಗುತ್ತದೆ. ಈ ಸುಣ್ಣದ ಪದ್ಧತಿಯನ್ನು ಬಿಟ್ಟು ಬರಿಯ ಮೆಕ್ಕೆಜೋಳವನ್ನಷ್ಟೇ ಒಯ್ದು ಅದನ್ನೇ ನಂಬಿ ಬದುಕಿದ ಯುರೋಪಿನ ಬಡಜನರನ್ನು ಪೆಲಾಗ್ರಾ ಎಂಬ ಕಾಯಿಲೆ ಕಾಡಿತು. 200 ಗ್ರಾಂ ಮಾಸಾ ಹರೀನಾಕ್ಕೆ ಸುಮಾರು 290 ಮಿಲಿಲೀಟರ್ ಬೆಚ್ಚನೆಯ ನೀರು ಬೇಕಾಗುತ್ತದೆ. ನಿಂಬೆಗಾತ್ರದ ಉಂಡೆಯನ್ನು ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಚಪ್ಪಟೆ ತಳದ ಪಾತ್ರೆಯಿಂದ ಒತ್ತಿದರೆ, ಹೋಳಿಗೆ ತಟ್ಟಿ ರೂಢಿಯಿರುವ ಕೈಗೆ ಕಷ್ಟವೇನಿಲ್ಲ.

ಗೋಧಿ ಟೋರ್ಟಿಯಾ ಮನೆಯಲ್ಲಿ ಮಾಡುವುದು ಹೇಗೆ?

300 ಗ್ರಾಂ ಮೈದಾಕ್ಕೆ ಒಂದು ಚಮಚ ಉಪ್ಪು ಸೇರಿಸಿ, 65 ಗ್ರಾಂ ಹಂದಿಯ ಕೊಬ್ಬು ಅಥವಾ ತುಪ್ಪವನ್ನು ಬೆರಳ ತುದಿಯಿಂದ ಉಜ್ಜಿ, ಸುಮಾರು 160 ಮಿಲಿಲೀಟರ್ ಬಿಸಿನೀರು ಹಾಕಿ ಐದು ನಿಮಿಷ ನಾದಿ. 10 ಉಂಡೆ ಮಾಡಿ ಅರ್ಧ ಗಂಟೆ ಮುಚ್ಚಿಟ್ಟು, ಆಚೆ ಬದಿಯ ಕೈಬೆರಳು ಮಸುಕಾಗಿ ಕಾಣುವಷ್ಟು ತೆಳುವಾಗಿ ಲಟ್ಟಿಸಿ. ಚೆನ್ನಾಗಿ ಕಾದ ಕಾವಲಿಯ ಮೇಲೆ ಒಂದೊಂದು ಬದಿಗೆ ಅರ್ಧದಿಂದ ಮುಕ್ಕಾಲು ನಿಮಿಷ ಬೇಯಿಸಿದರೆ ಸಾಕು. ಹೆಚ್ಚು ಹೊತ್ತು ಬಿಟ್ಟರೆ ಹಪ್ಪಳವಾಗುತ್ತದೆ.

ಚಪಾತಿ ಅಥವಾ ಜೋಳದ ರೊಟ್ಟಿಯಲ್ಲಿ ಸುತ್ತಿದರೆ ತಪ್ಪೇ?

ತಪ್ಪೇನಿಲ್ಲ. ತೆಳುವಾದ ಮೃದು ಚಪಾತಿ ಚೆನ್ನಾಗಿ ಮಡಚಿಕೊಳ್ಳುತ್ತದೆ, ತವುಡಿನ ರುಚಿ ಮಾತ್ರ ತುಸು ಮುಂದಾಗುತ್ತದೆ. ಆಗತಾನೆ ಬಡಿದ ಬಿಳಿಜೋಳದ ರೊಟ್ಟಿ ಬಿಸಿನೀರಿನಲ್ಲಿ ನಾದಿದ, ಗ್ಲುಟೆನ್ ಇಲ್ಲದ ಹಿಟ್ಟಿನದಾದ್ದರಿಂದ ಗುಣದಲ್ಲಿ ಮೆಕ್ಕೆಜೋಳದ ಟೋರ್ಟಿಯಾಗೆ ಹತ್ತಿರ. ಖಡಕ್ ರೊಟ್ಟಿಯೂ ಅಕ್ಕಿರೊಟ್ಟಿಯೂ ಮಡಿಸಲು ಬಾರವು.

ಸಾಲ್ಸಾ ಮಾಡುವ ವಿಧಾನ ಹೇಳುವಿರಾ?

ಎರಡು ಬಗೆ ಇವೆ. ಹಸಿಯಾದುದು ಪಿಕೊ ದೆ ಗಾಯೊ: ಟೊಮ್ಯಾಟೊ, ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪನ್ನು ಸಣ್ಣಗೆ ಹೆಚ್ಚಿ, ಉಪ್ಪು, ನಿಂಬೆರಸ ಹಾಕುವುದು, ಅಷ್ಟೆ. ಟೊಮ್ಯಾಟೊದ ಬೀಜದ ನೀರನ್ನು ತೆಗೆದುಬಿಟ್ಟರೆ ಟಾಕೊ ಒದ್ದೆಯಾಗದು.

ಸುಟ್ಟ ಸಾಲ್ಸಾವೇ ನನಗೆ ಹೆಚ್ಚು ಇಷ್ಟ. ನಾಲ್ಕು ಟೊಮ್ಯಾಟೊ, ಎರಡು ಮೂರು ಹಸಿಮೆಣಸಿನಕಾಯಿ, ಅರ್ಧ ಈರುಳ್ಳಿ, ಸಿಪ್ಪೆಸಹಿತ ಮೂರು ಎಸಳು ಬೆಳ್ಳುಳ್ಳಿಯನ್ನು ಕೆಂಡದ ಮೇಲೆ ಅಥವಾ ಕಾವಲಿಯಲ್ಲಿ ಕಪ್ಪು ಮಚ್ಚೆ ಬೀಳುವವರೆಗೆ ಸುಡಿ. ಬೆಳ್ಳುಳ್ಳಿ, ಮೆಣಸಿನಕಾಯಿ, ಉಪ್ಪನ್ನು ಮೊದಲು ಕುಟ್ಟಿ, ಆಮೇಲೆ ಈರುಳ್ಳಿ, ಟೊಮ್ಯಾಟೊ ಸೇರಿಸಿ ತರಿತರಿಯಾಗಿ ಜಜ್ಜಿ. ಮೆಕ್ಸಿಕೊದವರು ಇದಕ್ಕೆ ಬಳಸುವ ‘ಮೋಲ್ಕಾಹೇತೆ’ ಮೂರು ಕಾಲಿನ ಕಪ್ಪುಕಲ್ಲಿನ ಒರಳು. ನಮ್ಮ ಮನೆಯ ಕುಟ್ಟಾಣಿಯಲ್ಲೂ ಅದೇ ಹದ ಬರುತ್ತದೆ. ಸುಟ್ಟ ಬದನೆಕಾಯಿ ಗೊಜ್ಜು ಮಾಡಿ ಬಲ್ಲವರಿಗೆ ಈ ಪರಿಮಳ ಹೊಸದೆನಿಸದು. ಮಿಕ್ಸಿಗೆ ಹಾಕುವುದಾದರೆ ಎರಡು ಮೂರು ಸಲ ಮಾತ್ರ ತಿರುಗಿಸಿ ನಿಲ್ಲಿಸಿ; ಹೆಚ್ಚು ಅರೆದರೆ ಗಾಳಿ ಸೇರಿ ಬಣ್ಣ ಪೇಲವವಾಗುತ್ತದೆ.

ಬೆಣ್ಣೆಹಣ್ಣು, ಚೀಸ್ ಹಾಕಲೇಬೇಕೇ?

ಬೆಣ್ಣೆಹಣ್ಣಿನ ಒಂದೆರಡು ಹೋಳು ಖಾರವನ್ನು ತಣಿಸುತ್ತವೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಬೆಳೆದ ಹಣ್ಣೂ ಆಗಬಹುದು, ತೊಟ್ಟಿನ ಬಳಿ ಒತ್ತಿದರೆ ತುಸು ತಗ್ಗುವಷ್ಟು ಮಾಗಿರಲಿ. ಚೀಸ್ ಬೇಕಿಲ್ಲ. ಮೊಟ್ಟೆಯಲ್ಲಿ ಬೆಣ್ಣೆ, ಮಾಂಸದಲ್ಲಿ ಕೊಬ್ಬು ಆಗಲೇ ಇರುವಾಗ ಅದು ಭಾರವೆನಿಸುತ್ತದೆ.

ಮನೆಯಲ್ಲಿ ಕೆಲವರು ಮಾಂಸ ತಿನ್ನುವುದಿಲ್ಲ. ಅವರಿಗೆ ಏನು ಮಾಡಲಿ?

ಟೆಕ್ಸಾಸಿನಲ್ಲಿ ಆಲೂಗಡ್ಡೆ ಮತ್ತು ಮೊಟ್ಟೆಯ ಟಾಕೊ ಮಾಂಸದ ಟಾಕೊವಿನಷ್ಟೇ ರೂಢಿಯಲ್ಲಿದೆ, ಅದು ಬದಲಿ ಅಡುಗೆಯಲ್ಲ. ಆಲೂಗಡ್ಡೆಯನ್ನು ಸಣ್ಣ ಚೌಕಗಳಾಗಿ ಹೆಚ್ಚಿ, ಅಂಚು ಕೆಂಪಗಾಗುವಂತೆ ಹುರಿದು ಮೊಟ್ಟೆಗೆ ಸೇರಿಸಿ. ಅವರಿಗಾಗಿ ಜಾಲರಿ, ಇಕ್ಕಳ, ಬಾಣಲೆಗಳನ್ನು ಬೇರೆಯಾಗಿಯೇ ಇಡಿ, ಟೋರ್ಟಿಯಾಕ್ಕೆ ಹಂದಿಯ ಕೊಬ್ಬಿನ ಬದಲು ತುಪ್ಪ ಹಾಕಿ.

ಉಳಿದುದನ್ನು ಮರುದಿನ ತಿನ್ನಬಹುದೇ?

ಮಾಂಸವನ್ನು ತಿನ್ನಬಹುದು. ಸುಟ್ಟ ಎರಡು ಗಂಟೆಯೊಳಗೆ ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್ಜಿಗೆ ಸೇರಿಸಿದರೆ ಮೂರು ನಾಲ್ಕು ದಿನ ಇರುತ್ತದೆ. ಕೊಯ್ಯದೆ ಇಡೀ ತುಂಡಾಗಿ ಇಟ್ಟರೆ ಒಣಗುವುದು ಕಡಿಮೆ. ಕದಡಿದ ಮೊಟ್ಟೆಯನ್ನು ಉಳಿಸಬೇಡಿ. ಮರುದಿನ ಬೆಳಗ್ಗೆ ಮಾಂಸವನ್ನು ಸಣ್ಣಗೆ ಕೊಚ್ಚಿ, ಕಾದ ಬಾಣಲೆಯಲ್ಲಿ ಈರುಳ್ಳಿ, ಹಸಿಮೆಣಸಿನಕಾಯಿಯೊಡನೆ ಒಂದು ನಿಮಿಷ ಬಾಡಿಸಿ, ಉಳಿದ ಸುಟ್ಟ ಸಾಲ್ಸಾ ಎರಡು ಚಮಚ ಹಾಕಿ, ಅದರ ಮೇಲೆಯೇ ಹೊಸ ಮೊಟ್ಟೆ ಒಡೆದು ಕದಡಿ. ಮಾಚಾಕಾಗೆ ತುಂಬ ಹತ್ತಿರದ ಈ ತಿಂಡಿಯನ್ನು ಬಿಸಿ ಟೋರ್ಟಿಯಾದಲ್ಲಿ ಸುತ್ತಿ, ಒಂದು ಲೋಟ ಕಾಫಿಯೊಡನೆ ತಿನ್ನುವುದಕ್ಕಾಗಿಯೇ ನಾನು ಹಿಂದಿನ ದಿನ ನೂರು ಗ್ರಾಂ ಮಾಂಸ ಹೆಚ್ಚಿಗೆ ಸುಟ್ಟಿರುತ್ತೇನೆ.